ಅರ್ಧ ತಾಸಿಗೆ ಬಂದ ಪೆಟ್ಟಿಗೆ

ಕೂತಲ್ಲೇ ಕೂತು ಮಾಡುವ ಕೆಲಸದಲ್ಲಿ ಗಾಬರಿ ಬೀಳಲು ಏನಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಈಗ ನೋಡಿದರೆ ವಾರಕ್ಕೊಮ್ಮೆಯಾದರೂ ಎದೆ ಹಿಡಿದುಕೊಂಡು ಗೋಡೆಗೆ ಒರಗುವುದು ನನಗೆ ಅಭ್ಯಾಸವೇ ಆಗಿಬಿಟ್ಟಿದೆ.

ನನ್ನ ಕೆಲಸ ಇಷ್ಟೇ. ನೀವು ಫೋನಿನಲ್ಲಿ ಏನನ್ನೋ ಹುಡುಕುತ್ತೀರಿ. ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಅಂತ ಸಣ್ಣಕ್ಷರದ ಗುರುತಿನೊಂದಿಗೆ ಒಂದೆರಡು ಅಂಗಡಿಗಳ ಹೆಸರು ಬರುತ್ತವಲ್ಲ, ಅವು ತಾವಾಗಿಯೇ ಅಲ್ಲಿ ಹತ್ತಿ ಕೂತಿರುವುದಿಲ್ಲ. ಅಂಗಡಿಯವರು ದುಡ್ಡು ಕಟ್ಟಿರುತ್ತಾರೆ, ನನ್ನಂಥವರು ಹತ್ತಿಸಿ ಕೂರಿಸಿರುತ್ತೇವೆ. ಮೊದಲು ನಾನು ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದೆ. ಜನ ಕಾರ್ಡನ್ನು ಫೋನಿನಲ್ಲೇ ಕಳಿಸಲು ಶುರು ಮಾಡಿದ ಮೇಲೆ ಪ್ರೆಸ್ಸಿನ ಬಾಗಿಲು ಮುಚ್ಚಿತು. ಆಮೇಲೆ ವಿಡಿಯೋ ನೋಡಿ ನೋಡಿ ಈ ವಿದ್ಯೆ ಕಲಿತೆ.

ಮನೆ ಹರಿಹರದಲ್ಲಿ. ಗಂಡ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾನು, ನಮ್ಮ ಅತ್ತೆ, ಇಬ್ಬರೇ. ಫೋನು ನೋಡುತ್ತಾ ಕೂಡುವುದಕ್ಕೆ ಕೆಲಸ ಅಂತ ಹೆಸರಿಟ್ಟಿದ್ದು ಅತ್ತೆಗೆ ಸ್ವಲ್ಪವೂ ಹಿಡಿಸಲಿಲ್ಲ. “ನೋಡು, ಒಂದು ತಿಂಗಳು ಸುಮ್ನಿರ್ತೀನಿ. ನೀನು ಹಾಕಿದ ಜಾಹೀರಾತು ನೋಡಿ, ಬೇಕು ಅಂತ ಒಬ್ಬರಾದ್ರೂ ಫೋನ್ ಮಾಡ್ಲಿ. ಇಲ್ಲಾಂದ್ರೆ ಮಲೆಬೆನ್ನೂರಾಗ ನಿನ್ನ ನಾದಿನಿ ಗಂಡನ ಗೊಬ್ಬರದ ಅಂಗಡಿ ಐತೆ. ಅಲ್ಲಿ ಬಿಲ್ ಬರೆಯಾಕ ಹೋಗು” ಅಂದರು. ಆ ಅಂಗಡಿಯ ವಾಸನೆಗೆ ನನಗೆ ಬಾಗಿಲಲ್ಲೇ ಸೀನು ಹತ್ತುತ್ತದೆ. ಹಾಗಾಗಿ ಗಿರಾಕಿ ಹುಡುಕಲು ಅವತ್ತೇ ಹೊರಟೆ.

ಹೂವಿನ ಬಟ್ಟೆಯ ಮೇಜು

ಹರಿಹರದ ಅಂಗಡಿ ಅಂಗಡಿ ತಿರುಗಿದೆ. “ನಮ್ಮನ್ನ ಹುಡುಕೋದೇನೈತ್ರೀ, ಬಸ್ ಸ್ಟ್ಯಾಂಡ್ ಎದುರಿಗೇ ಅದೀವಲ್ಲ” ಅಂದರು ಹಾರ್ಡ್‌ವೇರಿನವರು. ಬಟ್ಟೆ ಅಂಗಡಿಯವರು ನೀರು ಕೊಟ್ಟು ಕಳಿಸಿದರು. ಕಡೆಗೆ ‘ಬಾ ಬೇಟಿ, ಕೂಡು’ ಅಂತ ಒಳಗೆ ಕರೆದವರು ಐಸ್ ಚಾಚಾ ಒಬ್ಬರೇ. ಮದುವೆ ಮನೆಗೆ, ಜ್ಯೂಸ್ ಅಂಗಡಿಗೆ ಮಂಜುಗಡ್ಡೆ ಹಾಕುತ್ತಿದ್ದ ಹಿರಿಯರು. ಊರಿಗೆಲ್ಲ ಅವರು ಐಸ್ ಚಾಚಾ.

ಅಂಗಡಿಯಲ್ಲಿ ಹೂವಿನ ಬಟ್ಟೆ ಹೊದಿಸಿದ ಒಂದು ಉದ್ದನೆಯ ಮೇಜಿತ್ತು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಪಕ್ಕದಲ್ಲಿ ಚಹಾದ ಲೋಟ ಇಟ್ಟೆ, ಮೊಣಕೈ ಊರಿಕೊಂಡು ಗಿರಾಕಿ ಹೇಗೆ ಹುಡುಕುತ್ತಾರೆ, ಜಾಹೀರಾತು ಹೇಗೆ ಕಾಣಿಸುತ್ತದೆ ಅಂತ ಎಲ್ಲ ವಿವರಿಸಿದೆ. ಚಾಚಾ ತಲೆ ಆಡಿಸಿ ಒಪ್ಪಿಯೇ ಬಿಟ್ಟರು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ಬೇಸಿಗೆ ಹತ್ರ ಬಂತು ಚಾಚಾ, ಐಸಿಗೆ ಒಳ್ಳೇ ಗಿರಾಕಿ ಇರ್ತದೆ” ಅಂದೆ.

“ಐಸ್ ಬಿಟ್ಟು ಬಹಳ ದಿನ ಆತು ಬೇಟಿ. ಈಗ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಕೊಡ್ತೀನಿ. ಸಾವಿನ ಮನೆಗೆ. ದೂರದಿಂದ ಮಕ್ಕಳು ಮರಿ ಬರೋತನಕ ಹೆಣ ಇಡಬೇಕಲ್ಲಾ?”

ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು. ಆದರೂ ಮೊದಲ ಗಿರಾಕಿ, ಬಿಡಲಾದೀತೇ? “ಜಾಹೀರಾತಿಗೆ ಒಂದು ಫೋಟೋ ಬೇಕಾಗ್ತದೆ ಚಾಚಾ. ಪೆಟ್ಟಿಗೆ ಎಲ್ಲೈತೆ?” ಅಂದೆ.

ಚಾಚಾ ನನ್ನ ಚಹಾದ ಲೋಟವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟರು. ಹೂವಿನ ಬಟ್ಟೆ ಎಳೆದರು. “ನಿನ್ನೇನೇ ವಾಪಸ್ ಬಂತು. ತೊಳೆದೀವಿ, ಹೆದರಬ್ಯಾಡ.”

ಅವತ್ತು ಅತ್ತೆ ನನ್ನನ್ನು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಕಳಿಸಿದರು. ಹೋಗುವಾಗ ಲ್ಯಾಪ್‌ಟಾಪಿಗೂ ಎರಡು ಚೊಂಬು ನೀರು ಹಾಕು ಅಂದರು.

ಸುಖಾಗಮನ ಬಯಸುವವರು

ಜಾಹೀರಾತಿಗೆ ಎರಡು ಸಾಲು ಬರೆಯಬೇಕು. ಮದುವೆ ಕಾರ್ಡು ಟೈಪ್ ಮಾಡಿ ಮಾಡಿ ಪಳಗಿದ ಬೆರಳು, ಅದು ತನ್ನ ಪಾಡಿಗೆ ತಾನು ಓಡಿತು. ಬರೆದು ಮುಗಿಸಿ ಚಾಚಾಗೆ ಓದಿ ಹೇಳಿದೆ: “ಹರಿಹರದಲ್ಲಿ ಫ್ರೀಜರ್ ಪೆಟ್ಟಿಗೆ. ಅರ್ಧ ತಾಸಿನಲ್ಲಿ ನಿಮ್ಮ ಮನೆ ಬಾಗಿಲಿಗೆ. ತಮ್ಮ ಸುಖಾಗಮನವನ್ನು ಬಯಸುವ...”

ಚಾಚಾ ಎರಡೂ ಕಿವಿ ಮುಚ್ಚಿಕೊಂಡರು. “ತೋಬಾ ತೋಬಾ! ಅಳಿಸು ಬೇಟಿ, ಮೊದ್ಲು ಅಳಿಸು!”

ಆಮೇಲೆ ತಮ್ಮ ದಂಧೆಯ ರಿವಾಜು ಹೇಳಿದರು. ಸ್ವಾಗತ ಅನ್ನಬಾರದು. ಧನ್ಯವಾದ ಅನ್ನಬಾರದು. ಪೆಟ್ಟಿಗೆ ವಾಪಸ್ ತರುವಾಗ ಎದ್ದು ಸುಮ್ಮನೆ ನಡೆಯಬೇಕು, ‘ಬರ್ತೀನಿ’ ಅನ್ನುವ ಮಾತು ಬಾಯಿಂದ ಬೀಳಬಾರದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಯಾವ ಮನೆಯವರಿಗೂ ಬರ್ತೀನಿ ಅಂದಿಲ್ಲವಂತೆ, ಯಾರೂ ಅವರಿಗೆ ಬನ್ನಿ ಅಂದಿಲ್ಲವಂತೆ.

ಸರಿ ಅಂತ ಎಲ್ಲ ಅಳಿಸಿದೆ. ಆದರೆ ಜಾಹೀರಾತು ಹಾಕುವ ಕಂಪ್ಯೂಟರಿಗೆ ಈ ರಿವಾಜು ಗೊತ್ತಿರಬೇಕಲ್ಲ? ‘ಇವನ್ನೂ ಸೇರಿಸಿದರೆ ಒಳ್ಳೆಯದು’ ಅಂತ ಅದು ತಾನಾಗಿಯೇ ಕೆಲವು ಸಾಲು ತೋರಿಸಿತು. ‘ಹಬ್ಬದ ವಿಶೇಷ ರಿಯಾಯಿತಿ.’ ‘ಇಡೀ ಕುಟುಂಬಕ್ಕೆ ಒಂದೇ ಕಡೆ.’ ‘ಇಂದೇ ಬಳಸಿ ನೋಡಿ, ಮತ್ತೆ ಮತ್ತೆ ಬರುವಿರಿ!’ ಚಾಚಾಗೆ ತೋರಿಸದೆ ಪರದೆ ಮಡಚಿಬಿಟ್ಟೆ.

ಜಾಹೀರಾತು ಕಳಿಸಿದ ಮೇಲೆ ‘ಪರಿಶೀಲನೆಯಲ್ಲಿದೆ’ ಅಂತ ಬಂತು. ಮರುದಿನ ಅಂಗಡಿಗೆ ಹೋದರೆ ಚಾಚಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು, ಸಿಹಿ ತಿಂಡಿಯ ಡಬ್ಬಿ ಹಿಡಿದು ತಯಾರಾಗಿ ಕೂತಿದ್ದರು.

“ಎಲ್ಲಿಗೆ ಚಾಚಾ?”

“ಪರಿಶೀಲನೆ ಮಾಡೋ ಸಾಹೇಬ್ರ ಮನೆಗೆ. ದಾವಣಗೆರೆಯಾಗ ಇರ್ತಾರಾ, ಬೆಂಗಳೂರಾಗಾ?”

“ಸಾಹೇಬ್ರು ಯಾರೂ ಇಲ್ಲ ಚಾಚಾ. ಕಂಪ್ಯೂಟರೇ ಓದ್ತದೆ, ಕಂಪ್ಯೂಟರೇ ಒಪ್ತದೆ.”

ಚಾಚಾ ಡಬ್ಬಿಯನ್ನೂ ನನ್ನನ್ನೂ ನೋಡಿದರು. “ಹಂಗಾದ್ರೆ ಅದಕ್ಕೆ ಏನು ಇಷ್ಟ?”

ಬೋಣಿ

ಜಾಹೀರಾತು ಶುರುವಾಯಿತು. ಅದನ್ನು ಯಾರಾದರೂ ಒತ್ತಿದಾಗಲೆಲ್ಲ ಚಾಚಾ ಕಟ್ಟಿದ ದುಡ್ಡಿನಲ್ಲಿ ಸ್ವಲ್ಪ ಕಳೆಯುತ್ತದೆ. ದಿನಕ್ಕೆ ಇಷ್ಟು ಅಂತ ಮಿತಿ ಇಟ್ಟಿರುತ್ತೇವೆ. ಅದು ಮುಗಿದರೆ ಜಾಹೀರಾತು ಮಾರನೆಯ ದಿನದವರೆಗೆ ಮಾಯ. ಇದನ್ನೆಲ್ಲ ಹೇಳಿದ್ದೆ. ಚಾಚಾ ತಲೆಯನ್ನೂ ಆಡಿಸಿದ್ದರು.

ಒಂದು ವಾರ ನೋಡಿದೆ. ದಿನಾ ಬೆಳಿಗ್ಗೆ ಹತ್ತಕ್ಕೆಲ್ಲ ಅವತ್ತಿನ ದುಡ್ಡು ಖಾಲಿ. ಹರಿಹರದ ಜನ ಮುಗಿಬಿದ್ದು ಒತ್ತುತ್ತಿದ್ದಾರೆ, ಫೋನು ಮಾತ್ರ ಒಂದೂ ಬರುವುದಿಲ್ಲ. ಊರಿಗೆ ಏನೋ ರೋಗ ಬಡಿದಿದೆ, ಜನ ಮುಂಚಿತವಾಗಿ ವಿಚಾರಿಸಿಕೊಳ್ಳುತ್ತಿದ್ದಾರೆ ಅಂತ ಲೆಕ್ಕ ಹಾಕಿದೆ. ಒಂದು ದಿನ ಬೆಳಿಗ್ಗೆಯೇ ಅಂಗಡಿಗೆ ಓಡಿದೆ.

ಅಲ್ಲಿ ಕಂಡಿದ್ದು ಇದು. ಅಂಗಡಿ ತೆರೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿ ಚಾಚಾ ಫೋನು ತೆಗೆದರು. ‘ಬಿಸ್ಮಿಲ್ಲಾ’ ಅಂದು ತಮ್ಮ ಜಾಹೀರಾತು ಹುಡುಕಿ ಒತ್ತಿದರು. ಫೋನು ಹೆಂಡತಿ ಚಾಚಿಯ ಕೈಗೆ ಹೋಯಿತು, ಅವರೂ ಒತ್ತಿದರು. ಇಬ್ಬರು ಸೊಸೆಯರು ತಮ್ಮ ತಮ್ಮ ಫೋನಿನಲ್ಲಿ ಒತ್ತಿದರು. ಲಗೇಜ್ ಆಟೋದ ಡ್ರೈವರ್ ಚಪ್ಪಲಿ ಬಿಟ್ಟು ಒಳಗೆ ಬಂದು, ಕಣ್ಣಿಗೊತ್ತಿಕೊಂಡು ಒತ್ತಿದ.

“ಚಾಚಾ! ಏನು ಮಾಡ್ತಿದ್ದೀರಿ?”

“ಬೋಣಿ ಬೇಟಿ. ಅಂಗಡಿ ತೆಗೆದು ಬೋಣಿ ಮಾಡ್ದೆ ಕೂಡೋದು ಹೆಂಗೆ? ನಮ್ ದಂಧೆಯಾಗ ಇನ್ನೊಬ್ಬರ ಕಡೆಯಿಂದ ಬೋಣಿ ಆಗ್ಲಿ ಅಂತ ದುವಾ ಕೇಳಾಕ ಬರ್ತದಾ? ಪಾಪ ಹತ್ತಲ್ವಾ? ಅದಕ್ಕೆ ಮನೆಯೋರೇ ಮಾಡ್ಕೋತೀವಿ.”

ಮಾತು ನ್ಯಾಯವಾಗಿಯೇ ಇತ್ತು. ಆದರೂ ನೀವು ಒತ್ತಿದಾಗಲೆಲ್ಲ ನಿಮ್ಮದೇ ದುಡ್ಡು ಹೋಗುತ್ತದೆ, ನಿಜವಾದ ಗಿರಾಕಿ ಹುಡುಕುವ ಹೊತ್ತಿಗೆ ಜಾಹೀರಾತೇ ಇರುವುದಿಲ್ಲ ಅಂತ ಕೈಮುಗಿದು ತಿಳಿಸಿದೆ. ಚಾಚಾ ಮಂಕಾದರು. ಸೊಸೆಯರು ಫೋನು ಬಚ್ಚಿಟ್ಟರು. ಚಾಚಿ ಮಾತ್ರ ಅಡಿಕೆ ಕತ್ತರಿಸುತ್ತಾ ಕೂತಿದ್ದವರು ಅಡಕತ್ತರಿ ಕೆಳಗಿಟ್ಟರು.

“ಒತ್ತಿದ್ರೆ ಯಾರ ಜಾಹೀರಾತೋ ಅವರ ದುಡ್ಡು ಹೋಗ್ತದೆ ಅಂದ್ಯಲ್ಲಾ,” ಅಂದರು, “ದಾವಣಗೆರೆಯಾಗ ಒಬ್ಬ ಪೆಟ್ಟಿಗೆಯವನು ಅದಾನೆ. ಅವನದ್ದು ಯಾವ್ದು, ತೋರ್ಸು.”

ಐನೂರು ಜನ

ತಿಂಗಳು ಅರ್ಧಕ್ಕಿಂತ ಹೆಚ್ಚು ಕಳೆಯಿತು. ಅತ್ತೆ ದಿನಾ ಸಂಜೆ ಕಾಳು ಆರಿಸುತ್ತಾ “ಬಂತೇನು ಫೋನು?” ಅಂತ ಕೇಳುವರು. ನನ್ನ ಮೂಗಿಗೆ ಆಗಲೇ ಗೊಬ್ಬರದ ವಾಸನೆ ಬಡಿಯತೊಡಗಿತ್ತು.

ಒಂದು ಬುಧವಾರ ನಾನು ಅಂಗಡಿಯಲ್ಲಿದ್ದಾಗಲೇ ಚಾಚಾ ಫೋನು ರಿಂಗಾಯಿತು. ಜಾಹೀರಾತಿನಿಂದ ಬಂದ ಕರೆ! ಕೈ ಸನ್ನೆ ಮಾಡಿ ಸ್ಪೀಕರ್ ಹಾಕಿಸಿದೆ.

“ಫ್ರೀಜರ್ ಬಾಡಿಗೆಗೆ ಕೊಡ್ತೀರಂತಲ್ರಿ? ದಾವಣಗೆರೆ ಹತ್ರ ಬಾತಿಯಿಂದ ಮಾತಾಡ್ತಿರೋದು. ಭಾನುವಾರಕ್ಕೆ ಬೇಕಿತ್ತು.”

ಚಾಚಾ ಕ್ಯಾಲೆಂಡರ್ ನೋಡಿದರು. “ಭಾನುವಾರಕ್ಕಾ? ಇವತ್ತು ಬುಧವಾರ ರೀ!”

“ಹೌದ್ರಿ, ಮೊದ್ಲೇ ಹೇಳಿಟ್ರೆ ಒಳ್ಳೇದು. ಆ ಹೊತ್ತಿಗೆ ಓಡಾಡಾಕ ಆಗಲ್ಲ. ಎಲ್ಲಾ ತಯಾರಿ ಮಾಡ್ಕೊಂಡೀವಿ, ಇದೊಂದೇ ಉಳಿದೈತೆ.”

ಚಾಚಾ ಹಣೆಯಲ್ಲಿ ಬೆವರು. ಆದರೂ ಮರ್ಯಾದೆ ಬಿಡದೆ ಕೇಳಿದರು. “ಭಾನುವಾರದ ತನಕ... ಅವರು ಇರ್ತಾರಲ್ಲಾ?”

“ಯಾರು ರೀ? ಎಲ್ಲಾರೂ ಭಾನುವಾರನೇ ಅಲ್ಲಿರೋದು. ಐನೂರು ಜನ.”

ಫೋನು ಚಾಚಾ ಕೈಯಿಂದ ಜಾರಿ ಪೆಟ್ಟಿಗೆಯ ಮೇಲೆ ಬಿತ್ತು. “ಯಾ ಅಲ್ಲಾ! ನಮ್ಮದು ಒಬ್ಬರಿಗಷ್ಟೇ ರೀ!”

“ಒಬ್ಬರಿಗಾ? ಒಬ್ಬರು ಎಷ್ಟು ತಿಂತಾರ್ರೀ ಐಸ್ ಕ್ರೀಮು?”

ಮದುವೆ ಊಟದ ಕಂಟ್ರ್ಯಾಕ್ಟರ್ ಅವರು. ‘ಫ್ರೀಜರ್ ಬಾಡಿಗೆ’ ಅಂತ ಹುಡುಕಿದ್ದಾರೆ, ನಮ್ಮ ಜಾಹೀರಾತು ಹೋಗಿ ಅವರ ಮುಂದೆ ನಿಂತಿದೆ. ಯಾವ ಮಾತು ಹುಡುಕಿದವರಿಗೆ ಜಾಹೀರಾತು ಕಾಣಿಸಬಾರದು ಅಂತಲೂ ಮೊದಲೇ ಹೇಳಿಡಬೇಕು. ನಾನು ಅದನ್ನು ಬಿಟ್ಟಿದ್ದೆ. ಅಲ್ಲೇ ಕೂತು ಮದುವೆ, ಐಸ್ ಕ್ರೀಮು, ಹಾಲು, ಮೀನು ಅಂತ ತೋಚಿದ್ದನ್ನೆಲ್ಲ ಬಡಿದು ಬಡಿದು ಸೇರಿಸಿದೆ.

ಅತ್ತೆಗೆ ಹೇಳಿದೆ, ಫೋನಂತೂ ಬಂತಲ್ಲ ಅಂತ. “ಐಸ್ ಕ್ರೀಮಿನ ಫೋನು ಲೆಕ್ಕಕ್ಕಿಲ್ಲ. ಸತ್ತವರ ಮನೆಯೋರು ಮಾಡ್ಲಿ” ಅಂದರು. ತಿಂಗಳು ಮುಗಿಯುವುದರೊಳಗೆ ಊರಿನಲ್ಲಿ ಯಾರಾದರೂ ಸಾಯಲಿ ಅಂತ ಬೇಡಿಕೊಳ್ಳಬೇಕೋ ಬೇಡವೋ ತಿಳಿಯದೆ ಅವತ್ತು ದೇವರ ಮುಂದೆ ಸುಮ್ಮನೆ ಕೈಮುಗಿದು ಎದ್ದುಬಂದೆ.

ಅರ್ಧ ತಾಸು

ಬಂದೇಬಂತು ತಿಂಗಳ ಕೊನೆಯ ದಿನ. ಹೊಸ ಗಿರಾಕಿ ಯಾರಾದರೂ ಸಿಕ್ಕರೆ ಅತ್ತೆ ಮನಸ್ಸು ಕರಗೀತು ಅಂತ ಬೆಳಿಗ್ಗೆಯೇ ದಾವಣಗೆರೆಗೆ ಹೊರಟೆ. ಅತ್ತೆ ಡಬ್ಬಿಗೆ ಒಗ್ಗರಣೆ ಮಂಡಕ್ಕಿ ಹಾಕಿಕೊಟ್ಟು, “ನಾಳೆ ಮಲೆಬೆನ್ನೂರಿಗೆ ಹೋಗೋದು ನೆನಪೈತಲ್ಲಾ?” ಅಂದರು. ನಾನು ಉತ್ತರ ಕೊಡದೆ ಬಸ್ಸು ಹತ್ತಿದೆ.

ವಾಪಸ್ ಬರುವಾಗ ಬಾತಿ ದಾಟುತ್ತಿದ್ದಂತೆ ನಾದಿನಿಯ ಫೋನು. ಅಳು ಬಿಟ್ಟರೆ ಏನೂ ಕೇಳಿಸುವುದಿಲ್ಲ. “ಅವ್ವ ಹೋಗಿಬಿಟ್ಳಂತೆ... ಓಣಿಯೋರು ಫೋನ್ ಮಾಡಿದ್ರು... ಫ್ರೀಜರ್ ಪೆಟ್ಟಿಗೆ ಆಗಲೇ ಬಂದೈತಂತೆ... ನಾನು ಬಸ್ ಹತ್ತೀನಿ...”

ನನಗೆ ಬಸ್ಸು, ರಸ್ತೆ ಎಲ್ಲ ತಿರುಗಿದಂತಾಯಿತು. ಮಡಿಲಲ್ಲಿ ಮಂಡಕ್ಕಿಯ ಡಬ್ಬಿ ಇನ್ನೂ ಇತ್ತು, ಅರ್ಧ ಮಾತ್ರ ತಿಂದಿದ್ದೆ. ಇನ್ನು ಯಾರು ಹೀಗೆ ಡಬ್ಬಿ ತುಂಬಿ ಕಳಿಸುತ್ತಾರೆ, ಸಂಜೆಗೆ ಯಾರು ‘ಬಂತೇನು ಫೋನು’ ಅಂತ ಕೇಳುತ್ತಾರೆ ಅನ್ನಿಸಿ ದುಃಖ ತಡೆಯಲಾಗಲಿಲ್ಲ. ಗೊಬ್ಬರದ ಅಂಗಡಿಗೇ ಹೋಗ್ತೀನಿ, ಜೀವನವಿಡೀ ಸೀನುತ್ತಾ ಬಿಲ್ ಬರೀತೀನಿ, ಅತ್ತೆ ಒಬ್ಬರು ಇರಲಿ ಅಂತ ಹರಕೆ ಹೊತ್ತೆ. ಗಂಡನಿಗೆ ಫೋನು ಮಾಡಿದರೆ ಕಾರ್ಖಾನೆಯೊಳಗೆ ಫೋನು ಬಿಡುವುದಿಲ್ಲ, ಹತ್ತಲಿಲ್ಲ. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ನನ್ನ ಕೈ ಹಿಡಿದುಕೊಂಡು, ಹರಿಹರ ಬರುವವರೆಗೂ ತಾನೂ ಅತ್ತಳು.

ಓಣಿ ತುಂಬ ಜನ. ಯಾರೋ ಹೂವಿನ ಹಾರ ತಂದಿದ್ದರು. ಸಾವಾದರೆ ಹೆಣ ಎತ್ತುವವರೆಗೆ ನಮ್ಮ ಓಣಿಯಲ್ಲಿ ಒಲೆ ಹಚ್ಚುವುದಿಲ್ಲ. ಎಲ್ಲರ ಮನೆಯಲ್ಲೂ ಅರ್ಧ ಬೆಂದ ಅನ್ನ ಹಾಗೇ ಇಳಿದಿತ್ತು. ನಮ್ಮ ಮನೆ ಮುಂದೆ ಹೂವಿನ ಬಟ್ಟೆ ಹೊದ್ದ ಅದೇ ಪೆಟ್ಟಿಗೆ. ಅದರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಐಸ್ ಚಾಚಾ. ಕಟ್ಟೆಯ ಮೇಲೆ ಮೆಂತ್ಯ ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡು ಎದೆ ಎದೆ ಬಡಿದುಕೊಂಡು ಅಳುತ್ತಿದ್ದವರು ನಮ್ಮ ಅತ್ತೆ.

“ಅಯ್ಯೋ ನನ್ನ ಸೊಸಿಯೇ! ಬೆಳಿಗ್ಗೆ ಮಾತಾಡ್ದೇ ಹೋದ್ಯಲ್ಲೇ! ಬಸ್ ಹತ್ತಬ್ಯಾಡ ಅನ್ನಬೇಕಿತ್ತಲ್ಲೇ ನಾನು!”

“ಅತ್ತೇ!” ಅಂತ ಕಿರುಚಿದೆ.

ಅತ್ತೆ ತಲೆ ಎತ್ತಿ ನೋಡಿ ನನಗಿಂತ ಜೋರಾಗಿ ಕಿರುಚಿದರು. ಇಬ್ಬರೂ ತಬ್ಬಿಕೊಂಡು ಮತ್ತೊಂದು ಸುತ್ತು ಅತ್ತೆವು. ನಮ್ಮಿಬ್ಬರನ್ನು ನೋಡಿ ಓಣಿಯವರೂ ಅತ್ತರು. ಅತ್ತು ಮುಗಿದ ಮೇಲೆ ಎದುರು ಮನೆಯಾಕೆ ಕಣ್ಣು ಒರೆಸಿಕೊಂಡು ಕೇಳಿದಳು: “ಹಂಗಾದ್ರೆ ಹೋಗಿದ್ದು ಯಾರು?”

ಎಲ್ಲರೂ ಚಾಚಾ ಕಡೆ ತಿರುಗಿದರು. “ನನಗೇನು ಗೊತ್ರೀ! ಬಂದೆವು, ಬಾಗಿಲಿಗೆ ಬೀಗ ಇತ್ತು. ಆಸ್ಪತ್ರೆಯಿಂದ ಹೆಣ ತರ್ತಿರಬೇಕು ಅಂತ ಕಾಯ್ಕೊಂಡು ನಿಂತೆವು. ಓಣಿಯೋರು ಮನೆಯ ಅಮ್ಮಾರೇ ಹೋದ್ರು ಅಂದ್ಕೊಂಡು ಮಗಳಿಗೆ ಫೋನ್ ಹಚ್ಚಿದ್ರು. ಅಷ್ಟರಾಗ ಈ ಅಮ್ಮಾರು ಸಂತೆಯಿಂದ ಬಂದು ಪೆಟ್ಟಿಗೆ ನೋಡಿ ಅಳಾಕ ಹತ್ತಿದ್ರು. ನಿಲ್ಲರಿ, ಬುಕ್ ಮಾಡಿದ ನಂಬರಿಗೇ ಫೋನ್ ಹಚ್ತೀನಿ” ಅಂದು ಒತ್ತಿದರು.

ಅತ್ತೆಯ ಮಡಿಲಲ್ಲಿ, ಮೆಂತ್ಯ ಸೊಪ್ಪಿನ ಒಳಗಿನಿಂದ, ಫೋನು ರಿಂಗಾಯಿತು.

ಓಣಿಗೆ ಓಣಿಯೇ ಆ ಚೀಲದ ಕಡೆ ತಿರುಗಿತು. ಅತ್ತೆ ಸೊಪ್ಪು ಸರಿಸಿ ಫೋನು ತೆಗೆದರು, ನೋಡಿದರು, ಕಟ್ ಮಾಡಿದರು.

“ನೀನು ಹೋದ್ಮೇಲೆ ನಾನೇ ಮಾಡಿದ್ದೆ,” ಅಂದರು ಸಣ್ಣ ದನಿಯಲ್ಲಿ, “ಕಡೇ ದಿನ, ಪಾಪ, ಒಂದು ಫೋನಾದ್ರೂ ಬಂತು ಅಂತ ಇರ್ಲಿ ಅಂತ. ವಿಳಾಸ ಕೇಳಿದ್ರು, ಹೇಳಿದೆ. ಅರ್ಧ ತಾಸಿನಾಗ ಬರ್ತೀವಿ ಅಂದ್ರು. ನಳದ ರಿಪೇರಿಯೋನು ಅರ್ಧ ತಾಸು ಅಂದು ಹೋಗಿ ಎರಡು ವಾರ ಆತು. ಇವರೂ ಹಂಗೇ ಅನ್ಕೊಂಡು ಸೊಪ್ಪು ತರಾಕ ಹೋದೆ. ಅರ್ಧ ತಾಸು ಅಂದೋರು ಅರ್ಧ ತಾಸಿಗೇ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?”

“ಬಂದು ಪೆಟ್ಟಿಗೆ ನೋಡಿದಾಗಾದ್ರೂ ನೆನಪಾಗಲಿಲ್ಲೇನ್ರಿ ಅತ್ತೆ?”

“ಪೆಟ್ಟಿಗೆ ನೋಡಿದ್ಮೇಲೆ ನಿನ್ನ ಬಿಟ್ಟು ಏನೂ ನೆನಪಾಗಲಿಲ್ಲ” ಅಂದರು. ಆ ಮಾತು ಕೇಳಿ ನಾನು ಮೂರನೇ ಸುತ್ತು ಅತ್ತೆ.

ನಂದಿಸಿದ ಒಲೆಗಳೆಲ್ಲ ಮತ್ತೆ ಹತ್ತುವ ಹೊತ್ತಿಗೆ ಎಲ್ಲರಿಗೂ ಹಸಿವು. ಅತ್ತೆ ಓಣಿಗೆಲ್ಲ ಒಗ್ಗರಣೆ ಮಂಡಕ್ಕಿ ಕಲಸಿದರು. ಸಾವಿನ ಮನೆಗೆ ಬಂದವರು ಸ್ನಾನ ಮಾಡದೆ ತಿನ್ನಬಹುದೋ ಬಾರದೋ ಅಂತ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಸತ್ತವರೇ ಬಡಿಸುತ್ತಿರುವಾಗ ತಿಂದರೆ ತಪ್ಪಿಲ್ಲ ಅಂತ ತೀರ್ಮಾನವಾಯಿತು. ಅಷ್ಟರಲ್ಲಿ ಓಣಿಯ ತುದಿಯಿಂದಲೇ ಬಾಯಿ ಬಡಿದುಕೊಂಡು ಓಡಿಬಂದ ನಾದಿನಿ, ತಟ್ಟೆ ಹಿಡಿದು ನಿಂತ ತಾಯಿಯನ್ನು ನೋಡಿ ಅಲ್ಲೇ ಕುಸಿದು ಕೂತಳು. ಅತ್ತೆ ಅವಳಿಗೂ ಮಂಡಕ್ಕಿ ಕೊಟ್ಟು ಹೇಳಿದರು: “ನಿನ್ನ ಗಂಡಗೆ ಹೇಳು, ಬಿಲ್ ಬರೆಯಾಕ ಬ್ಯಾರೇರನ್ನ ನೋಡ್ಕೊಳ್ಳಲಿ. ನನ್ನ ಸೊಸಿಗೆ ಕೆಲಸ ಐತೆ.”

ನಾನು ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟೆ. ಐಸ್ ಚಾಚಾ ಬಾಡಿಗೆ ಮುಟ್ಟಲು ಒಪ್ಪಲೇ ಇಲ್ಲ. ಚಹಾ ಕುಡಿದರು, ಡ್ರೈವರ್ ಜೊತೆ ಸೇರಿ ಪೆಟ್ಟಿಗೆಯನ್ನು ಆಟೋಕ್ಕೆ ಏರಿಸಿದರು, ತಮ್ಮ ರಿವಾಜಿನಂತೆ ತುಟಿ ಬಿಚ್ಚದೆ ಹೊರಟರು. ಮನೆಗೆ ಬಂದವರನ್ನು ಮಾತಿಲ್ಲದೆ ಕಳಿಸಿ ಅತ್ತೆಗೆ ಗೊತ್ತಿಲ್ಲ. ಬಾಗಿಲವರೆಗೆ ಹೋಗಿ ಬಾಯಿ ತುಂಬ ಅಂದುಬಿಟ್ಟರು: “ಹೋಗಿ ಬರ್ರಿ ಸಾಹೇಬ್ರ!”

ಚಾಚಾ ಬೆಚ್ಚಿಬಿದ್ದರು. ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ. “ಅಮ್ಮಾ, ಹಂಗನ್ನಬ್ಯಾಡ್ರಿ! ನನಗೆ ಮಾತ್ರ ಬರ್ರಿ ಅನ್ನಬ್ಯಾಡ್ರಿ!”

“ಅದಕ್ಯಾಕೆ ಹೆದರ್ತೀರಿ? ನಾನು ಅಂದ್ರೂ ಒಂದಿನ ಬರ್ತೀರಿ, ಅನ್ನದಿದ್ರೂ ಬರ್ತೀರಿ,” ಅಂದರು ಅತ್ತೆ, “ಆವತ್ತು ಫೋನ್ ಮಾಡೋದು ನಾನಾಗಿರಲ್ಲ, ಅಷ್ಟೇ.”